ಸೋಲಿಗೆ ಜಪಾನು ಇಟ್ಟ ಹೆಸರುಗಳು

ಶಬ್ದವು ಅರ್ಥವನ್ನು ಬೆಳಗಿಸುವಂತೆಯೇ ಮರೆಮಾಡಲೂ ಬಲ್ಲುದು. ಇದಕ್ಕೆ ಎರಡನೆಯ ಮಹಾಯುದ್ಧದ ಕಾಲದ ಜಪಾನೀ ಭಾಷೆಯೇ ನಿದರ್ಶನವು.

ಸೈನ್ಯವು ಹಿಮ್ಮೆಟ್ಟುವುದಕ್ಕೆ ಆ ಭಾಷೆಯಲ್ಲಿ ‘ತೈಕ್ಯಾಕು’ ಎಂಬ ನೇರವಾದ ಪದವುಂಟು. ಆದರೆ 1943ನೆಯ ಇಸವಿ ಫೆಬ್ರವರಿಯಲ್ಲಿ ಗ್ವಾಡಲ್‌ಕನಾಲ್ ದ್ವೀಪದಿಂದ ಅಳಿದುಳಿದ 10,000ಕ್ಕೂ ಹೆಚ್ಚು ಸೈನಿಕರನ್ನು ರಾತ್ರಿವೇಳೆ ಹಡಗುಗಳಲ್ಲಿ ಸಾಗಿಸಿದ ಮೇಲೆ, ಸೇನೆಯ ಪ್ರಧಾನ ಕಾರ್ಯಾಲಯವು ಅದನ್ನು ‘ತೆನ್‌ಶಿನ್’ ಎಂದು ಸಾರಿತು. ದಿಕ್ಕನ್ನು ಬದಲಿಸಿ ಮುನ್ನಡೆಯುವುದೆಂದು ಇದರ ಅರ್ಥ. ಆ ದ್ವೀಪದಲ್ಲಿ 20,000ಕ್ಕೂ ಮಿಕ್ಕ ಜಪಾನೀಯರು ಮಡಿದಿದ್ದರು. ಅವರಲ್ಲಿ ಬಹುಮಂದಿಯನ್ನು ಕೊಂದವು ಹಸಿವೂ ರೋಗವೂ. ‘ಮುನ್ನಡೆ’ಯೆಂಬ ಹೆಸರಿನಲ್ಲಿ ಆ ಹಸಿವು ಅಡಗಿಹೋಯಿತು.

ಅದೇ ವರ್ಷದ ಮೇ ತಿಂಗಳಿನಲ್ಲಿ ಅಲಾಸ್ಕದ ಕಡೆಯ ಅಟ್ಟು ದ್ವೀಪದ ಕಾವಲುಪಡೆಯು ಬಹುತೇಕ ನಿರ್ನಾಮವಾಯಿತು. ಸೆರೆಸಿಕ್ಕವರು 30 ಮಂದಿಗೂ ಕಡಮೆ. ಇದಕ್ಕೆ ಕೊಟ್ಟ ಹೆಸರು ‘ಗ್ಯೊಕುಸಾಯ್’, ಎಂದರೆ ಮಣಿಯು ಚೂರಾಗುವುದು. ಒಡೆಯದ ಹೆಂಚಾಗಿ ಉಳಿಯುವುದಕ್ಕಿಂತ ಒಡೆದ ಮಣಿಯಾಗುವುದೇ ಲೇಸೆಂಬ ಪ್ರಾಚೀನ ಚೀನೀ ಮಾತು ಇದಕ್ಕೆ ಮೂಲ. ಅಲ್ಲಿ ಅದು ಒಬ್ಬನು ತನಗಾಗಿ ಆರಿಸಿಕೊಂಡ ಮರಣ. ಇಲ್ಲಿ ಸಾವಿರಾರು ಮಂದಿಗೆ ವಿಧಿಸಿದ ಮರಣ. ಹಿಮ್ಮೆಟ್ಟುವುದಕ್ಕೆ ಹೆಸರಿಲ್ಲವಾದಾಗ ಸೈನಿಕನಿಗೆ ದಾರಿಯೂ ಇಲ್ಲವಾಯಿತು.

ಸಂಧಿಯ ಮಾತಿನಲ್ಲಿಯೂ ಇದೇ ಗತಿ. 1945ನೆಯ ಜುಲೈ 26ರಂದು ಪಾಟ್ಸ್‌ಡ್ಯಾಮ್ ಘೋಷಣೆಯು ಹೊರಟಿತು. ಜುಲೈ 28ರಂದು ಪ್ರಧಾನಮಂತ್ರಿ ಸುಜುಕಿಯವರು ಅದನ್ನು ಕುರಿತು ‘ಮೊಕುಸಾತ್ಸು’ ಎಂದರು. ‘ಮೌನ’, ‘ಕೊಲ್ಲು’ ಎಂಬೆರಡರ ಸಮಾಸವಿದು. ಉತ್ತರವೀಯದೆ ಸುಮ್ಮನಿರುವುದೆಂದೂ ತಿರಸ್ಕಾರದಿಂದ ಕಡೆಗಣಿಸುವುದೆಂದೂ ಇದಕ್ಕೆ ಅರ್ಥ ಹೇಳಬಹುದು. ಮಿತ್ರರಾಷ್ಟ್ರಗಳು ಎರಡನೆಯದನ್ನೇ ಹಿಡಿದುವು. ಈ ಪದವೊಂದೇ ಅಣುಬಾಂಬನ್ನು ಕರೆತಂದಿತೆಂಬುದು ಅತ್ಯುಕ್ತಿ. ಬಾಂಬಿನ ಆಜ್ಞೆಯು ಜುಲೈ 25ರಂದೇ ಹೊರಟಿತ್ತು. ಆದರೂ ಸ್ಪಷ್ಟವಾದ ನುಡಿ ಬೇಕಾಗಿದ್ದ ಹೊತ್ತಿನಲ್ಲಿ ಇಬ್ಬಗೆಯ ನುಡಿ ಹೊರಟುದು ನಿಜ.

ಆಗಸ್ಟ್ 15ರಂದು ಚಕ್ರವರ್ತಿಯು ಆಕಾಶವಾಣಿಯಲ್ಲಿ ಯುದ್ಧವನ್ನು ಮುಗಿಸಿದಾಗಲೂ ಶರಣಾಗತಿಯೆಂಬ ಅರ್ಥದ ‘ಕೋಫುಕು’ ಪದವನ್ನು ಉಚ್ಚರಿಸಲಿಲ್ಲ. ಸೆಪ್ಟೆಂಬರ್ 2ರಂದು ಮಿಸೌರಿ ನೌಕೆಯ ಮೇಲೆ ರುಜುವಾದ ಪತ್ರದಲ್ಲಿ ಆ ಪದವನ್ನು ತಪ್ಪಿಸಲಾಗಲಿಲ್ಲ. ಆದರೂ ಆಗಸ್ಟ್ 15ನ್ನು ಆ ನಾಡಿನಲ್ಲಿ ಇಂದಿಗೂ ‘ಹಾಯ್‌ಸೆನ್’ ಅಥವಾ ಸೋಲಿನ ದಿನವೆಂದು ಕರೆಯುವುದಕ್ಕಿಂತ ‘ಶೂಸೆನ್’ ಅಥವಾ ಯುದ್ಧ ಮುಗಿದ ದಿನವೆಂದು ಕರೆಯುವುದೇ ರೂಢಿ.

ಹಿಮ್ಮೆಟ್ಟುವುದೂ ಸಂಧಿಗೈವುದೂ ರಾಜನೀತಿಯಲ್ಲಿ ದೋಷಗಳಲ್ಲ. ಕೌಟಿಲ್ಯನು ಷಾಡ್ಗುಣ್ಯವನ್ನು ಹೇಳುವಾಗ ಸಂಧಿಯನ್ನೇ ಮೊದಲು ಎಣಿಸಿದ್ದಾನೆ. ಸೋಲನ್ನು ಸೋಲೆಂದು ಹೇಳಲು ನಾಚಿದ ರಾಜ್ಯವು ಆ ನಾಚಿಕೆಯ ಬೆಲೆಯನ್ನು ತನ್ನ ಪ್ರಜೆಗಳ ಪ್ರಾಣದಿಂದ ತೆತ್ತಿತು.