ಗಡಿಯ ಮೇಲೆ ಹೊರಿಸಿದ ದೂರು: ಪ್ಯಾಕೆಟ್ ಕ್ಯಾಪ್ಚರನ್ನು ದಾಖಲೆಯಾಗಿ ಓದುವ ಬಗ್ಗೆ

ನನ್ನ ಧ್ವನಿ ಕೇಳಿಸ್ತಿದೆ ಅಂದುಕೊಳ್ತೇನೆ. ಕೇಳಿಸದಿದ್ರೆ ಚಾಟ್‌ನಲ್ಲಿ ಬರೀರಿ. ಇವತ್ತಿನ ವಿಷಯಕ್ಕೆ ಅದೇ ಪೀಠಿಕೆ ಆದೀತು.

ಇತಿಹಾಸದ ಗೋಷ್ಠಿಯಲ್ಲಿ ನೆಟ್‌ವರ್ಕ್ ರಿಪೇರಿ ಯಾಕೆ ಅಂತ ಕೆಲವರು ಕೇಳಿದ್ದೀರಿ. ನಾನು ಓದುತ್ತಿರುವುದು ಗಡಿಭಾಗದ ಇತಿಹಾಸ. 1956ರ ನವೆಂಬರ್ 1ರಂದು ಬೀದರ್ ಜಿಲ್ಲೆಯ ಉದಗೀರ, ನಿಲಂಗಾ, ಅಹ್ಮದಪುರ ತಾಲೂಕುಗಳು ಮುಂಬೈ ರಾಜ್ಯಕ್ಕೆ ಹೋದವು, ಬೀದರ್ ಮೈಸೂರಿಗೆ ಬಂತು. 1982ರಲ್ಲಿ ಲಾತೂರ್ ಜಿಲ್ಲೆ ಆದಾಗ ಉದಗೀರ, ನಿಲಂಗಾ ಅದರೊಳಗೆ ಸೇರಿದವು. ಉಮರ್ಗಾ ಮೊದಲಿಂದಲೂ ಉಸ್ಮಾನಾಬಾದ್, ಅಂದರೆ ಈಗಿನ ಧಾರಾಶಿವ ಜಿಲ್ಲೆಯದು. ಅಲ್ಲಿಂದ ಬಸವಕಲ್ಯಾಣ ಹೆದ್ದಾರಿಯಲ್ಲಿ ಹತ್ತಿರವೇ. ಈ ಊರುಗಳಲ್ಲಿ ಏನೇ ಕೆಟ್ಟರೂ ಒಂದು ಸಿದ್ಧ ಕಾರಣ ಇರುತ್ತೆ: ಗಡಿ. ಎಷ್ಟೋ ಸಲ ಅದು ನಿಜವೂ ಹೌದು. ಅದಕ್ಕೇ ಅದನ್ನು ಯಾರೂ ಪರೀಕ್ಷೆ ಮಾಡೋದಿಲ್ಲ.

ಮೂರು ವರ್ಷದ ಹಿಂದೆ ನಾವು ನಾಲ್ಕೈದು ಗೆಳೆಯರು ಗಡಿಯಾಚೆ ಕನ್ನಡ ಮಾಧ್ಯಮದಲ್ಲಿ ಓದುವ ಮಕ್ಕಳಿಗಾಗಿ ಬೆಂಗಳೂರಿನಲ್ಲಿ ಒಂದು ಸಣ್ಣ ಸರ್ವರ್ ಬಾಡಿಗೆಗೆ ತಗೊಂಡು ಪಾಠದ ಟಿಪ್ಪಣಿಗಳನ್ನು ಹಾಕಿದ್ದೆವು. ಸಾದಾ ಎಚ್‌ಟಿಟಿಪಿ, ಸಾದಾ ಪುಟಗಳು. ವಾರದೊಳಗೆ ದೂರು ಬಂತು. ಉಮರ್ಗಾದ ಹುಡುಗನೊಬ್ಬ ಫೋನಿನಲ್ಲಿ ಅಂದದ್ದು: "ಇಂಗ್ಲಿಷ್ ನೋಟೀಸು ಬರ್ತದ್ರಿ, ಕನ್ನಡದ್ದು ಬರಂಗಿಲ್ಲ." ಉದಗೀರದಿಂದಲೂ ಅದೇ ಮಾತು. ನಿಲಂಗಾದಲ್ಲಿ ಮಾತ್ರ ಎಲ್ಲ ಸರಿ. ಹಿರಿಯರೊಬ್ಬರು "ಗಡಿ ದಾಟಿದ್ರ ಕನ್ನಡಕ್ಕ ಹಿಂಗೇ" ಅಂತ ನಿಟ್ಟುಸಿರು ಬಿಟ್ಟರು. ಮನವಿಪತ್ರದ ಕರಡೂ ತಯಾರಾಗಿತ್ತು. ಅದಕ್ಕೆ ಸಹಿ ಹಾಕುವವರ ಸಾಲಿನಲ್ಲಿ ನಾನೂ ಇದ್ದೆ.

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು. 1986ರ ಅಕ್ಟೋಬರಿನಲ್ಲಿ ಲಾರೆನ್ಸ್ ಬರ್ಕ್‌ಲಿ ಪ್ರಯೋಗಾಲಯಕ್ಕೂ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್‌ಲಿ ಆವರಣಕ್ಕೂ ನಡುವಿನ ಸಂಪರ್ಕ ಸೆಕೆಂಡಿಗೆ 32 ಸಾವಿರ ಬಿಟ್‌ನಿಂದ 40 ಬಿಟ್‌ಗೆ ಕುಸಿಯಿತು. ಎರಡರ ನಡುವಿನ ದೂರ 400 ಗಜ. ವ್ಯಾನ್ ಜೇಕಬ್ಸನ್ ಮತ್ತು ಮೈಕ್ ಕ್ಯಾರೆಲ್ಸ್ ಅದರ ಬೆನ್ನು ಹತ್ತಿದರು. ತಂತಿ ಕೆಟ್ಟಿರಲಿಲ್ಲ. ತುಂಬಿದ ದಾರಿಗೆ ಯಂತ್ರಗಳು ಕಳಿಸಿದ್ದನ್ನೇ ಮತ್ತೆ ಮತ್ತೆ ತುರುಕುತ್ತಿದ್ದವು. 1988ರಲ್ಲಿ ಜೇಕಬ್ಸನ್ ಬರೆದ ಪ್ರಬಂಧದಿಂದ ಟಿಸಿಪಿಯ ನಡವಳಿಕೆಯೇ ಬದಲಾಯಿತು. ಹೆಚ್ಚುಕಡಿಮೆ ಅದೇ ಹೊತ್ತಿಗೆ, ಅದೇ ಪ್ರಯೋಗಾಲಯದಲ್ಲಿ ಅವರೂ ಕ್ರೇಗ್ ಲೆರೆಸ್, ಸ್ಟೀವನ್ ಮೆಕ್ಯಾನ್ ಅವರೂ ಸೇರಿ ಟಿಸಿಪಿಡಂಪ್ ಬರೆದರು. ಕಾರ್ಡಿನ ಮೂಲಕ ಹಾದುಹೋಗುವ ಪ್ರತಿ ಪ್ಯಾಕೆಟ್ಟಿನ ನಕಲನ್ನು ಸಮಯದ ಸಮೇತ ಬರೆದಿಡುವ ಸಾಧನ ಅದು. 1998ರಲ್ಲಿ ಜೆರಾಲ್ಡ್ ಕೋಂಬ್ಸ್ ಹೊರತಂದ ಈಥೀರಿಯಲ್ 2006ರಲ್ಲಿ ವೈರ್‌ಶಾರ್ಕ್ ಅಂತ ಹೆಸರು ಬದಲಿಸಿತು. ಇದರಲ್ಲಿ ಬಣ್ಣ ಬಣ್ಣದ ಸಾಲು ಬರುತ್ತೆ, ನಮ್ಮಂಥವರಿಗೆ ಅನುಕೂಲ.

ಮೊದಲು ಊಹೆಯನ್ನು ಕೆಡವಬೇಕಿತ್ತು. ಎರಡೇ ಸಾಲಿನ ಕನ್ನಡ ನೋಟೀಸು ಹಾಕಿದೆ. ಉಮರ್ಗಾದಲ್ಲಿ ತೆರೆಯಿತು! ಇಂಗ್ಲಿಷಿನ ಉದ್ದ ಪುಟ ಹಾಕಿದೆ, ಅದು ನಿಂತಿತು. ಹಾಗಾದರೆ ಪ್ರಶ್ನೆ ಭಾಷೆಯದ್ದಲ್ಲ, ತೂಕದ್ದು. ಯುಟಿಎಫ್-8ರಲ್ಲಿ ಇಂಗ್ಲಿಷ್ ಅಕ್ಷರಕ್ಕೆ 1 ಬೈಟ್, ಕನ್ನಡದ ಪ್ರತಿ ಚಿಹ್ನೆಗೆ 3. ಕಣ್ಣಿಗೆ ಒಂದೇ ಅಕ್ಷರವಾಗಿ ಕಾಣುವ 'ಕ್ಷೇ'ಗೆ 12 ಬೈಟ್ ಬೇಕು. ಇಂಗ್ಲಿಷಿನ ಮಾಮೂಲಿ ನೋಟೀಸು ಒಂದು ಪ್ಯಾಕೆಟ್‌ನಲ್ಲಿ ಆರಾಮವಾಗಿ ಕೂತರೆ ಅದೇ ಮಾತು ಕನ್ನಡದಲ್ಲಿ ಪ್ಯಾಕೆಟ್ ತುಂಬಿ ಇನ್ನೊಂದಕ್ಕೆ ಹರಿಯುತ್ತೆ. ದೇವನಾಗರಿಗೂ 3 ಬೈಟೇ, ಮರಾಠಿಯ ಕಥೆಯೂ ಬೇರೆ ಆಗ್ತಿರಲಿಲ್ಲ.

ಆಮೇಲೆ ಎರಡೂ ತುದಿಯಲ್ಲಿ ಒಟ್ಟಿಗೆ ಕ್ಯಾಪ್ಚರ್ ಹಿಡಿದೆವು. ಒಂದೇ ತುದಿಯದ್ದು ಸಾಲದು. ಒಬ್ಬರ ಪತ್ರಗಳನ್ನಷ್ಟೇ ಓದಿ ಜಗಳದ ಇತಿಹಾಸ ಬರೆದ ಹಾಗೆ ಆಗುತ್ತೆ. ಉಮರ್ಗಾದ ಕಂಪ್ಯೂಟರಿನ ಗಡಿಯಾರ ಮೂರು ನಿಮಿಷ ಹಿಂದಿತ್ತು, ಹಾಗಾಗಿ ವೇಳೆ ನೋಡಿ ಹೊಂದಿಸಲು ಹೋದರೆ ತಪ್ಪುತ್ತಿತ್ತು. ಟಿಸಿಪಿಯ ಅನುಕ್ರಮ ಸಂಖ್ಯೆ ಹಿಡಿದು ಎರಡೂ ಕಡತಗಳನ್ನು ಪಕ್ಕಪಕ್ಕ ಇಟ್ಟೆ.

ಉಮರ್ಗಾದ ಕಡತದಲ್ಲಿ ಮೂರು ಹೆಜ್ಜೆಯ ಹಸ್ತಲಾಘವ ಸರಿಯಾಗಿತ್ತು. ಪುಟ ಕೇಳಿದ್ದು ಹೋಗಿತ್ತು, ಅದಕ್ಕೆ ಸ್ವೀಕೃತಿಯೂ ಬಂದಿತ್ತು. ಆಮೇಲೆ ವಿಚಿತ್ರ: ಪುಟದ ಕೊನೆಯ ಸಣ್ಣ ತುಂಡು ಬಂದಿದೆ, ಅದರ ಮುಂದಿನ ದೊಡ್ಡ ತುಂಡು ಬಂದೇ ಇಲ್ಲ. ಬಾಲ ಬಂತು, ತಲೆ ಇಲ್ಲ. ಸರ್ವರಿನ ಕಡತದಲ್ಲಿ ಆ ತಲೆ ಇತ್ತು, 1500 ಬೈಟಿನ ಪ್ಯಾಕೆಟ್, ತುಂಡು ಮಾಡಬಾರದು ಅನ್ನುವ ಗುರುತಿನ ಸಮೇತ. ಅದನ್ನೇ ಮತ್ತೆ ಕಳಿಸಿದೆ, ಮತ್ತೆ ಕಳಿಸಿದೆ, ಪ್ರತಿಸಲ ಕಾಯುವ ಹೊತ್ತು ದುಪ್ಪಟ್ಟು. ಮತ್ತು ಪ್ರತಿಸಲವೂ ನಡುವಿನ ರೂಟರೊಂದರಿಂದ ಐಸಿಎಂಪಿ ಸಂದೇಶ ವಾಪಸ್ ಬಂದಿದೆ: ಇದು ಹಿಡಿಸೋದಿಲ್ಲ, 1492ಕ್ಕೆ ಇಳಿಸಿ.

ಉಮರ್ಗಾ, ಉದಗೀರದ ಆ ಎರಡು ಮನೆಗಳ ಸಂಪರ್ಕ ಪಿಪಿಪಿಓಇ ಮೇಲೆ ಇತ್ತು. ಅದರ ತಲೆಪಟ್ಟಿಗೆ 8 ಬೈಟ್ ಹೋಗುತ್ತೆ, ಉಳಿಯೋದು 1492. ಸಾಮಾನ್ಯವಾಗಿ ಮನೆಯ ರೂಟರೇ ಹಸ್ತಲಾಘವದಲ್ಲಿ ಅಳತೆ ತಗ್ಗಿಸಿ ಹೇಳುತ್ತೆ. ಇವರ ಹಳೇ ರೂಟರುಗಳು ಹೇಳುತ್ತಿರಲಿಲ್ಲ. ನಿಲಂಗಾದವರು ಮೊಬೈಲ್ ಡೇಟಾ ಬಳಸುತ್ತಿದ್ದರು, ಆ ಫೋನು ಮೊದಲೇ ಸಣ್ಣ ಅಳತೆ ಕೇಳಿತ್ತು.

ಸರಿ, ಸಂದೇಶ ಬಂದರೂ ಸರ್ವರ್ ಯಾಕೆ ಕೇಳಲಿಲ್ಲ? ಲಿನಕ್ಸ್‌ನಲ್ಲಿ ಒಳಬರುವ ಪ್ಯಾಕೆಟ್ಟನ್ನು ಟಿಸಿಪಿಡಂಪ್ ನೋಡೋದು ಫೈರ್‌ವಾಲಿಗಿಂತ ಮುಂಚೆ. ಅಂದರೆ ಕಾಗದ ಬಾಗಿಲಿಗೆ ಬಂದಿತ್ತು, ಕಾವಲುಗಾರ ಹರಿದು ಬಿಸಾಕುತ್ತಿದ್ದ. ಆ ಕಾವಲುಗಾರನನ್ನು ನಿಲ್ಲಿಸಿದ್ದು ನಾನೇ. ಪಿಂಗ್‌ಗೆ ಉತ್ತರ ಕೊಡಬಾರದು, ಅದು ಭದ್ರತೆ ಅಂತ ಎಲ್ಲೋ ಓದಿ ಐಸಿಎಂಪಿ ಪೂರ್ತಿ ಮುಚ್ಚಿದ್ದೆ. ಪಿಂಗನ್ನು 1983ರಲ್ಲಿ ಮೈಕ್ ಮೂಸ್ ಬರೆದದ್ದೇ ನೆಟ್‌ವರ್ಕ್ ದೋಷ ಹುಡುಕೋದಕ್ಕೆ ಅನ್ನೋದು ಆಮೇಲೆ ಗೊತ್ತಾಯ್ತು. ದಾರಿಯ ಅಳತೆ ಕಂಡುಹಿಡಿಯುವ ಈ ಕ್ರಮ 1990ರ ಆರ್‌ಎಫ್‌ಸಿ 1191ರಲ್ಲಿದೆ. ಐಸಿಎಂಪಿ ತಡೆದರೆ ಹೀಗೆ ಕಪ್ಪುಕುಳಿ ಆಗುತ್ತೆ ಅಂತ 2000ದ ಆರ್‌ಎಫ್‌ಸಿ 2923 ಬಿಡಿಸಿ ಹೇಳಿದೆ. ನನ್ನ ತಪ್ಪು ಹೊಸದೂ ಅಲ್ಲ.

ಆ ಒಂದು ಬಗೆಯ ಸಂದೇಶಕ್ಕೆ ಬಾಗಿಲು ತೆರೆದೆ, ಟಿಸಿಪಿ ತುಂಡಿನ ಅಳತೆಯನ್ನು ಸರ್ವರಿನಲ್ಲೇ 1452ಕ್ಕೆ ಇಳಿಸಿದೆ. ಉಮರ್ಗಾದಲ್ಲಿ ಪುಟ ತೆರೆಯಿತು, ಉದಗೀರದಲ್ಲೂ ತೆರೆಯಿತು. ಮನವಿಪತ್ರವನ್ನು ತಡೆದೆವು. ಗಡಿಯ ಹಿರಿಯರಿಗೆ ಫೋನ್ ಮಾಡಿ ದೋಷ ನಮ್ಮ ಸರ್ವರಿನದು ಅಂತ ಹೇಳೋದು ಮಾತ್ರ ರಿಪೇರಿಗಿಂತ ಕಷ್ಟ ಆಯ್ತು. ಅವರು ಪೂರ್ತಿ ನಂಬಿದರು ಅಂತ ಈಗಲೂ ನನಗೆ ಅನಿಸಿಲ್ಲ. ಶಿಕ್ಷಕರ ನೇಮಕ, ಪಠ್ಯಪುಸ್ತಕ ಇಂಥ ಅವರ ಉಳಿದ ದೂರುಗಳಿಗೆ ಈ ಕಡತದಿಂದ ಉತ್ತರ ಸಿಗೋದೂ ಇಲ್ಲ.

ಚಾಟ್‌ನಲ್ಲಿ ಒಬ್ಬರು ಖಾಸಗಿತನದ ಬಗ್ಗೆ ಕೇಳಿದ್ದಾರೆ. ಒಳ್ಳೇ ಪ್ರಶ್ನೆ. ಮನೆಯವರನ್ನು ಕೇಳಿ, ನಮ್ಮ ಸರ್ವರಿನ ವಿಳಾಸಕ್ಕೆ ಮಾತ್ರ ಸೋಸಿ, ಪ್ರತಿ ಪ್ಯಾಕೆಟ್ಟಿನ ಮೊದಲ 96 ಬೈಟ್ ಅಷ್ಟೇ ಹಿಡಿದೆವು. ಪ್ಯಾಕೆಟ್ಟಿನ ಪೂರ್ತಿ ಉದ್ದ ಹೇಗೂ ದಾಖಲಾಗುತ್ತೆ, ನಮಗೆ ಬೇಕಿದ್ದದ್ದು ಅದೇ. ಇನ್ನೊಬ್ಬರ ಮೈಕು ಆನ್ ಆಗಿದೆ, ಹೇಳಿ.