ನಲವತ್ತಮೂರು ಪದಗಳ ಒಂದು ವಾಕ್ಯ

ಕಾನೂನುಗಳ ಚರಿತ್ರೆಯನ್ನು ನಾವು ಸಾಮಾನ್ಯವಾಗಿ ಶಾಸನಸಭೆಯ ನಡವಳಿಗಳಲ್ಲಿಯೂ ನ್ಯಾಯಾಲಯದ ತೀರ್ಪುಗಳಲ್ಲಿಯೂ ಹುಡುಕುತ್ತೇವೆ. ಆದರೆ ಕೆಲವು ಕಾನೂನುಗಳ ಚರಿತ್ರೆಯನ್ನು ವೃತ್ತಪತ್ರಿಕೆಗಳ ಹಳೆಯ ಸಂಚಿಕೆಗಳಲ್ಲಿಯೇ ಓದಬೇಕಾಗುತ್ತದೆ. ಅವು ಅಚ್ಚು ಹಾಕಿದ್ದು ಏನು ಎಂಬುದರ ಜೊತೆಗೆ, ಅಚ್ಚು ಹಾಕದೆ ಬಿಟ್ಟದ್ದು ಏನು ಎಂಬುದನ್ನೂ ನೋಡಬೇಕಾಗುತ್ತದೆ. ಐರ್ಲೆಂಡ್ ದೇಶದ ಗರ್ಭಪಾತದ ಕಾನೂನು ಅಂಥದೊಂದು. ನಮ್ಮ ಬೆಳಗಾವಿಯ ಹೆಣ್ಣುಮಗಳೊಬ್ಬಳ ಹೆಸರು ಅದರ ಚರಿತ್ರೆಯಲ್ಲಿ ಸೇರಿಹೋಗಿದೆ. ಆ ಹೆಸರನ್ನು ಬಲ್ಲವರು ನಮ್ಮಲ್ಲಿ ಅನೇಕರಿದ್ದಾರೆ. ಆಕೆಗಿಂತ ಹಿಂದಿನ ಕಥೆಯನ್ನು ಬಲ್ಲವರು ಕಡಮೆ. ಆದುದರಿಂದ ಅದನ್ನು ಮೊದಲಿನಿಂದ ಹೇಳುವುದು ಉಚಿತವೆಂದು ತೋರುತ್ತದೆ.

ಐರ್ಲೆಂಡಿಗೂ ನಮಗೂ ಈ ವಿಷಯದಲ್ಲಿ ಒಂದು ಹಳೆಯ ನಂಟುಂಟು. ಎರಡು ದೇಶಗಳನ್ನೂ ಆಳುತ್ತಿದ್ದ ಬ್ರಿಟಿಷರು 1860ರಲ್ಲಿ ನಮಗೆ ದಂಡಸಂಹಿತೆಯನ್ನು ಕೊಟ್ಟರು. 1861ರಲ್ಲಿ ತಮಗೂ ಐರಿಷರಿಗೂ ವ್ಯಕ್ತಿಗಳ ಮೇಲಿನ ಅಪರಾಧಗಳ ಕಾಯಿದೆಯನ್ನು ಮಾಡಿಕೊಂಡರು. ನಮ್ಮ ದಂಡಸಂಹಿತೆಯ 312ನೆಯ ಕಲಮಿನ ಪ್ರಕಾರ ಗರ್ಭವನ್ನು ತೆಗೆಸಿದವರಿಗೆ ಮೂರು ವರ್ಷ, ಶಿಶು ಮಿಸುಕಾಡಿದ ಮೇಲಾದರೆ ಏಳು ವರ್ಷ ಸಜೆ. ಆದರೆ ತಾಯಿಯ ಜೀವ ಉಳಿಸಲೆಂದು ಸದ್ಭಾವದಿಂದ ಮಾಡಿದ್ದರೆ ಅಪರಾಧವಿಲ್ಲ. ಐರಿಷರ ಪಾಲಿಗೆ ಬಂದ ಕಾಯಿದೆಯಲ್ಲಿ ಆ ವಿನಾಯಿತಿಯ ಮಾತೇ ಇರಲಿಲ್ಲ. ಶಿಕ್ಷೆ ಜೀವಾವಧಿಯವರೆಗೂ ಹೋಗಬಹುದಾಗಿತ್ತು. 1922ರಲ್ಲಿ ಐರ್ಲೆಂಡ್ ಸ್ವತಂತ್ರ ರಾಜ್ಯವಾಯಿತು. ಹಳೆಯ ಕಾಯಿದೆ ಮಾತ್ರ ಹಾಗೆಯೇ ಉಳಿಯಿತು. ಅದರ ಮೇಲೆ 1929ರಲ್ಲಿ ಪ್ರಕಟಣೆಗಳ ನಿಯಂತ್ರಣದ ಕಾಯಿದೆಯೊಂದು ಬಂದಿತು. ಗರ್ಭಪಾತವನ್ನಾಗಲಿ ಗರ್ಭನಿರೋಧವನ್ನಾಗಲಿ ಸಮರ್ಥಿಸುವ ಪುಸ್ತಕವನ್ನು ಮಾರುವುದೇ ಅಪರಾಧವಾಯಿತು. ಕೆಲಸಕ್ಕೆ ಇದ್ದ ನಿಷೇಧ ಮಾತಿಗೂ ಬಂದಿತು.

ಇಷ್ಟಿದ್ದರೂ 1970ರ ದಶಕದಲ್ಲಿ ಸಂಪ್ರದಾಯನಿಷ್ಠರಿಗೆ ಭಯ ಹತ್ತಿತು. 1973ರಲ್ಲಿ ಐರ್ಲೆಂಡಿನ ಸುಪ್ರೀಂ ಕೋರ್ಟು, ವಿವಾಹಿತರು ಗರ್ಭನಿರೋಧಕಗಳನ್ನು ಬಳಸುವುದು ಅವರ ಖಾಸಗಿ ಹಕ್ಕೆಂದು ತೀರ್ಪಿತ್ತಿತು. ಅದೇ ವರ್ಷ ಅಮೆರಿಕದ ಸುಪ್ರೀಂ ಕೋರ್ಟು ಖಾಸಗಿ ಹಕ್ಕಿನ ಅದೇ ತರ್ಕದಿಂದ ಗರ್ಭಪಾತಕ್ಕೆ ಅನುಮತಿ ನೀಡಿತು. ನಾಳೆ ನಮ್ಮ ನ್ಯಾಯಾಧೀಶರೂ ಹಾಗೆಯೇ ಮಾಡಿದರೆ? ನ್ಯಾಯಾಧೀಶರ ಕೈಗೆ ಎಟುಕದಂತೆ ಸಂವಿಧಾನದಲ್ಲಿಯೇ ಒಂದು ವಾಕ್ಯವನ್ನು ಬರೆದಿಡಬೇಕೆಂಬ ಚಳವಳಿ ಹುಟ್ಟಿತು. ಇವರನ್ನು ಬರಿಯ ಮತಾಂಧರೆಂದು ತಳ್ಳಿಹಾಕುವುದು ಸರಿಯಲ್ಲ. ಹುಟ್ಟದ ಮಗುವಿಗೆ ಬಾಯಿಲ್ಲ, ಅದರ ಪರವಾಗಿ ಯಾರಾದರೂ ಮಾತನಾಡಬೇಕು ಎಂದು ಪ್ರಾಮಾಣಿಕವಾಗಿ ನಂಬಿದವರು ಅವರಲ್ಲಿ ಬಹುಮಂದಿ ಇದ್ದರು.

ಆ ವಾಕ್ಯ ಇಂಗ್ಲಿಷಿನಲ್ಲಿ 43 ಪದಗಳದು. ಅದರ ತಾತ್ಪರ್ಯ ಇಷ್ಟು: ಹುಟ್ಟದವರ ಜೀವದ ಹಕ್ಕನ್ನು ರಾಜ್ಯವು ಒಪ್ಪುತ್ತದೆ, ತಾಯಿಯ ಸಮಾನವಾದ ಜೀವದ ಹಕ್ಕನ್ನು ತಕ್ಕಂತೆ ಗಮನಿಸಿ, ಸಾಧ್ಯವಾದ ಮಟ್ಟಿಗೆ ಆ ಹಕ್ಕನ್ನು ಕಾನೂನಿನಿಂದ ಕಾಪಾಡುತ್ತದೆ. ಐರಿಷ್ ಭಾಷೆಯ ಪಾಠದಲ್ಲಿ ‘ಹುಟ್ಟದವರು’ ಎಂಬುದಕ್ಕೆ ‘ಜನನವಿಲ್ಲದ ಜೀವಂತರು’ ಎಂಬರ್ಥದ ಮಾತಿದೆ. ಭಾಷೆಯ ಪಾಠ ಹೇಳುವ ನನ್ನಂಥವರಿಗೆ ಇಲ್ಲಿ ಒಡನೆ ಸಂಶಯ ಏಳುತ್ತದೆ. ಎರಡು ಹಕ್ಕುಗಳು ಸಮಾನವೆಂದಮೇಲೆ, ಅವು ಒಂದಕ್ಕೊಂದು ಎದುರಾದಾಗ ಏನು ಮಾಡಬೇಕು? ‘ತಕ್ಕಂತೆ ಗಮನಿಸಿ’ ಎಂದರೆ ಎಷ್ಟು? ‘ಸಾಧ್ಯವಾದ ಮಟ್ಟಿಗೆ’ ಎಂಬುದನ್ನು ಅಳೆಯುವವರು ಯಾರು? ಇದು ನನ್ನೊಬ್ಬನ ಸಂಶಯವಲ್ಲ. ಅಂದಿನ ಸರಕಾರದ ಅಟಾರ್ನಿ ಜನರಲ್ ಪೀಟರ್ ಸದರ್ಲೆಂಡ್, ಈ ಮಾತುಗಳು ಸಂದಿಗ್ಧವಾಗಿವೆಯೆಂದೂ ವೈದ್ಯರನ್ನು ಗೊಂದಲಕ್ಕೆ ದೂಡಬಹುದೆಂದೂ 1983ರಲ್ಲಿಯೇ ಎಚ್ಚರಿಸಿದ್ದರು. ಮುಂದೆ ರಾಷ್ಟ್ರಾಧ್ಯಕ್ಷೆಯಾದ ಮೇರಿ ರಾಬಿನ್ಸನ್ ಅವರೂ ತಿದ್ದುಪಡಿಯನ್ನು ವಿರೋಧಿಸಿದ್ದರು. ಪ್ರಧಾನಿ ಗ್ಯಾರೆಟ್ ಫಿಟ್ಸ್‌ಜೆರಾಲ್ಡ್ ಬೇರೆ ಮಾತುಗಳನ್ನು ಸೂಚಿಸಿದರು, ಶಾಸನಸಭೆ ಒಪ್ಪಲಿಲ್ಲ. 1983ರ ಸೆಪ್ಟೆಂಬರ್ 7ರಂದು ನಡೆದ ಜನಮತಸಂಗ್ರಹದಲ್ಲಿ ಮತ ಕೊಟ್ಟವರಲ್ಲಿ ನೂರಕ್ಕೆ ಸುಮಾರು 67 ಮಂದಿ ಒಪ್ಪಿದರು. ಎಂಟನೆಯ ತಿದ್ದುಪಡಿ ಸಂವಿಧಾನವನ್ನು ಸೇರಿತು.

ಮರುವರ್ಷವೇ, 1984ರ ಜನವರಿ ಕೊನೆಯ ದಿನ, ಗ್ರನಾರ್ಡ್ ಎಂಬ ಸಣ್ಣ ಊರಿನಲ್ಲಿ ಹದಿನೈದು ವರ್ಷದ ಹುಡುಗಿಯೊಬ್ಬಳು ಮೇರಿಮಾತೆಯ ಗವಿಗುಡಿಯ ಬಳಿ ಒಬ್ಬಳೇ ಹೆತ್ತು ಪ್ರಾಣಬಿಟ್ಟಳು. ಮಗುವೂ ಉಳಿಯಲಿಲ್ಲ. ಊರು ಮೌನವಾಗಿತ್ತು, ಡಬ್ಲಿನ್ನಿನ ವಾರಪತ್ರಿಕೆಯೊಂದು ಸುದ್ದಿಯನ್ನು ಹೊರಗೆ ತಂದಿತು. ಆಗ ಗೇ ಬರ್ನ್ ಎಂಬ ಪ್ರಸಿದ್ಧ ರೇಡಿಯೋ ನಿರೂಪಕರಿಗೆ ನಾಡಿನ ಮೂಲೆಮೂಲೆಗಳಿಂದ ಹೆಂಗಸರು ಪತ್ರ ಬರೆದರು: ತಾವೂ ಹೀಗೆಯೇ ಗುಟ್ಟಾಗಿ ಬಸಿರು ಹೊತ್ತಿದ್ದೆವೆಂದು, ಗುಟ್ಟಾಗಿ ಹೆತ್ತೆವೆಂದು. ಅವರು ಆ ಪತ್ರಗಳನ್ನು ಒಂದಾದಮೇಲೊಂದರಂತೆ ಓದಿಸಿದರು. ಇಲ್ಲಿ ವಾದವಿರಲಿಲ್ಲ, ಪ್ರತಿವಾದವಿರಲಿಲ್ಲ. ಬದುಕಿನ ವರದಿ ಮಾತ್ರ ಇತ್ತು. ಅಡುಗೆಮನೆಗಳಲ್ಲಿ ಕುಳಿತು ಕೇಳಿದವರು ಅದನ್ನು ಮರೆಯಲಿಲ್ಲ.

ಆದರೂ ಮೌನ ಸುಲಭವಾಗಿ ಒಡೆಯಲಿಲ್ಲ. ಇಂಗ್ಲೆಂಡಿನ ಚಿಕಿತ್ಸಾಲಯಗಳ ವಿಳಾಸವನ್ನು ತಿಳಿಸುವುದು ಕೂಡ ನಿಷಿದ್ಧವೆಂದು ನ್ಯಾಯಾಲಯಗಳು ಹೇಳಿದವು. ಇಂಗ್ಲೆಂಡಿನಿಂದ ಬರುವ ಸ್ತ್ರೀಯರ ಮಾಸಿಕವೊಂದು ಅಂಥ ಜಾಹೀರಾತಿದ್ದ ಜಾಗವನ್ನು ಐರ್ಲೆಂಡಿನ ಪ್ರತಿಗಳಲ್ಲಿ ಖಾಲಿ ಬಿಟ್ಟಿತು. 1992ರ ಮೇ ತಿಂಗಳಲ್ಲಿ ಗಾರ್ಡಿಯನ್ ಪತ್ರಿಕೆಯ ಒಂದು ದಿನದ ಸಂಚಿಕೆ, ಇಂಥದೇ ಜಾಹೀರಾತು ಇದ್ದುದರಿಂದ, ಐರ್ಲೆಂಡಿನಲ್ಲಿ ಹಂಚಿಕೆಯಾಗಲಿಲ್ಲ. ಇತ್ತ ಹಡಗಿನಲ್ಲಿಯೂ ವಿಮಾನದಲ್ಲಿಯೂ ಹೆಂಗಸರು ಹೋಗುತ್ತಲೇ ಇದ್ದರು. 1980ರಿಂದ 2018ರವರೆಗೆ ಹೀಗೆ ಹೋಗಿ ಐರ್ಲೆಂಡಿನ ವಿಳಾಸ ಬರೆಯಿಸಿದವರು ಒಂದೂವರೆ ಲಕ್ಷಕ್ಕೂ ಹೆಚ್ಚು.

ಅದೇ 1992ರ ಫೆಬ್ರವರಿಯಲ್ಲಿ ಇನ್ನೊಂದು ಸುದ್ದಿ ಬಂದಿತು. ಅತ್ಯಾಚಾರದಿಂದ ಬಸಿರಾಗಿದ್ದ ಹದಿನಾಲ್ಕರ ಹುಡುಗಿಯೊಬ್ಬಳನ್ನು ತಂದೆತಾಯಿ ಇಂಗ್ಲೆಂಡಿಗೆ ಕರೆದುಕೊಂಡು ಹೋಗಿದ್ದರು. ಆಕೆ ದೇಶವನ್ನು ಬಿಡಕೂಡದೆಂದು ಹೈಕೋರ್ಟು ತಡೆಯಾಜ್ಞೆ ಕೊಟ್ಟಿತು. ಐರಿಷ್ ಟೈಮ್ಸ್ ಇದನ್ನು ಪ್ರಕಟಿಸಿದೊಡನೆ ದೇಶವೆಲ್ಲ ಕದಡಿತು. 1983ರಲ್ಲಿ ತಿದ್ದುಪಡಿಗೆ ಮತ ಹಾಕಿದ್ದ ಎಷ್ಟೋ ಮಂದಿ ತಾವು ಕೇಳಿದ್ದು ಇದನ್ನಲ್ಲ ಎಂದುಕೊಂಡರು. ಹುಡುಗಿ ಆತ್ಮಹತ್ಯೆ ಮಾಡಿಕೊಳ್ಳುವ ಭಯವಿರುವುದರಿಂದ ತಾಯಿಯ ಜೀವಕ್ಕೆ ಅಪಾಯವಿದೆಯೆಂದು ಸುಪ್ರೀಂ ಕೋರ್ಟು ಫೆಬ್ರವರಿ 26ರಂದು ಅನುಮತಿ ಕೊಟ್ಟಿತು. ಎಂಟು ವರ್ಷಗಳಾದರೂ ಶಾಸನಸಭೆ ವಿವರವಾದ ಕಾನೂನು ಮಾಡಿಲ್ಲವೆಂದು ನ್ಯಾಯಮೂರ್ತಿ ಮೆಕಾರ್ಥಿಯವರು ಕಟುವಾಗಿ ಟೀಕಿಸಿದರು. ಆ ವರ್ಷದ ನವೆಂಬರಿನ ಜನಮತಸಂಗ್ರಹದಲ್ಲಿ ಪ್ರಯಾಣಕ್ಕೂ ಮಾಹಿತಿಗೂ ಸ್ವಾತಂತ್ರ್ಯ ಸಿಕ್ಕಿತು. ಆದರೆ ತಾಯಿಯ ಜೀವಕ್ಕೆ ಅಪಾಯ ಯಾವಾಗ ಒದಗಿತೆಂದು ವೈದ್ಯನು ತಿಳಿಯುವುದು ಹೇಗೆ ಎಂಬ ಪ್ರಶ್ನೆಗೆ ಇನ್ನೂ ಇಪ್ಪತ್ತು ವರ್ಷ ಯಾರೂ ಉತ್ತರ ಬರೆಯಲಿಲ್ಲ.

ಆ ಇಪ್ಪತ್ತು ವರ್ಷಗಳ ಕೊನೆಯಲ್ಲಿ ಸವಿತಾ ಹಾಲಪ್ಪನವರ ಬರುತ್ತಾರೆ. ಬೆಳಗಾವಿಯ ಮನೆಯ ಮಗಳು, ದಂತವೈದ್ಯೆ, ವಯಸ್ಸು 31. ಹದಿನೇಳು ವಾರದ ಬಸಿರು. 2012ರ ಅಕ್ಟೋಬರ್ 21ರಂದು ಗಾಲ್ವೇ ನಗರದ ಆಸ್ಪತ್ರೆಗೆ ಸೇರಿದರು. ಗರ್ಭ ನಿಲ್ಲುವುದಿಲ್ಲವೆಂದು ವೈದ್ಯರಿಗೆ ತಿಳಿದಿತ್ತು. ಹಾಗಾದರೆ ಬೇಗ ಮುಗಿಸಿರೆಂದು ಆಕೆ ಕೇಳಿದರು. ಭ್ರೂಣದ ಹೃದಯ ಮಿಡಿಯುತ್ತಿದೆ, ತಾಯಿಯ ಜೀವಕ್ಕೆ ಅಪಾಯವಿಲ್ಲ, ಆದುದರಿಂದ ಕಾನೂನು ಬಿಡುವುದಿಲ್ಲ ಎಂಬ ಉತ್ತರ ಬಂದಿತು. ಇದು ಕ್ಯಾಥೊಲಿಕ್ ದೇಶ ಎಂಬ ಮಾತನ್ನೂ ಸೂಲಗಿತ್ತಿಯೊಬ್ಬರು ಆಡಿದ್ದುಂಟು. ವಿಚಾರಣೆಯಲ್ಲಿ ಅವರೇ ಅದನ್ನು ಒಪ್ಪಿಕೊಂಡರು. ರಕ್ತಕ್ಕೆ ನಂಜೇರಿ ಅಕ್ಟೋಬರ್ 28ರಂದು ಸವಿತಾ ತೀರಿಕೊಂಡರು. ನವೆಂಬರ್ 14ರಂದು ಐರಿಷ್ ಟೈಮ್ಸ್ ಈ ಸುದ್ದಿಯನ್ನು ಪ್ರಕಟಿಸಿತು.

ಇಲ್ಲಿ ಚರಿತ್ರೆಯನ್ನು ಬರೆಯುವವನು ಸ್ವಲ್ಪ ನಿಧಾನಿಸಬೇಕು. ಆಕೆಯನ್ನು ಕಾನೂನೇ ಕೊಂದಿತೆಂದು ಒಂದು ಪಕ್ಷ ಕೂಗಿತು. ಕಾನೂನಿಗೆ ಸಂಬಂಧವೇ ಇಲ್ಲ, ಆಸ್ಪತ್ರೆಯ ಅಜಾಗರೂಕತೆಯೇ ಕಾರಣವೆಂದು ಇನ್ನೊಂದು ಪಕ್ಷ ಕೂಗಿತು. 2013ರ ತನಿಖೆಗಳು ಎರಡನ್ನೂ ಪೂರ್ತಿ ಒಪ್ಪಲಿಲ್ಲ. ನಂಜನ್ನು ಬೇಗ ಗುರುತಿಸಲಿಲ್ಲ, ರೋಗಿಯನ್ನು ಸರಿಯಾಗಿ ಗಮನಿಸಲಿಲ್ಲ ಎಂಬುದು ನಿಜ. ಒಂದು ವರದಿ ಕೈಜಾರಿದ ಹದಿಮೂರು ಅವಕಾಶಗಳನ್ನು ಎಣಿಸಿತು. ವೈದ್ಯ ಅರುಳ್‌ಕುಮಾರನ್ ಅವರ ಸಮಿತಿ ಇದರ ಜೊತೆಗೆ ಕಾನೂನನ್ನು ಅರ್ಥೈಸಿದ ರೀತಿಯೂ ಒಂದು ಕಾರಣವೆಂದಿತು. ತಜ್ಞ ವೈದ್ಯ ಪೀಟರ್ ಬಾಯ್ಲನ್ ಮರಣವಿಚಾರಣೆಯಲ್ಲಿ ನುಡಿದ ಸಾಕ್ಷ್ಯ ಎಲ್ಲಕ್ಕಿಂತ ಮುಖ್ಯವಾದುದು. ಸೋಮವಾರವೋ ಮಂಗಳವಾರವೋ ಗರ್ಭವನ್ನು ತೆಗೆದಿದ್ದರೆ ಆಕೆ ಬಹುಶಃ ಉಳಿಯುತ್ತಿದ್ದರು. ಆದರೆ ಆ ದಿನಗಳಲ್ಲಿ ಜೀವಕ್ಕೆ ಅಪಾಯ ಇನ್ನೂ ತೋರದಿದ್ದುದರಿಂದ ಕಾನೂನಿಗೆ ಅದು ಸಮ್ಮತವಲ್ಲ. ಅಪಾಯ ತೋರಿದ ಬುಧವಾರ ಕಾನೂನು ಒಪ್ಪುತ್ತಿತ್ತು. ಆಗ ಹೊತ್ತು ಮೀರಿತ್ತು. ಸದರ್ಲೆಂಡರು ಇಪ್ಪತ್ತೊಂಬತ್ತು ವರ್ಷ ಹಿಂದೆ ಕಾಗದದ ಮೇಲೆ ಕಂಡ ಸಂದಿಗ್ಧತೆ ಇದೇ.

2013ರಲ್ಲಿ ತಾಯಿಯ ಜೀವಾಪಾಯದ ಸಂದರ್ಭಕ್ಕಷ್ಟೇ ಒಂದು ಕಾಯಿದೆ ಬಂದಿತು. ಮುಂದೆ 99 ಮಂದಿ ಸಾಮಾನ್ಯ ನಾಗರಿಕರನ್ನು ಸೇರಿಸಿ, ನ್ಯಾಯಮೂರ್ತಿ ಮೇರಿ ಲಫಾಯ್ ಅವರ ಅಧ್ಯಕ್ಷತೆಯಲ್ಲಿ, ವೈದ್ಯರ ಮತ್ತು ವಕೀಲರ ಮಾತನ್ನು ತಿಂಗಳುಗಟ್ಟಲೆ ಕೇಳಿಸಿ ಅಭಿಪ್ರಾಯ ಪಡೆದರು. ಒಪ್ಪಿಗೆಯ ಮತ ಕೊಡಿರೆಂದು ಬೆಳಗಾವಿಯಿಂದ ಸವಿತಾರ ತಂದೆಯವರು ಐರಿಷ್ ಜನರನ್ನು ಬೇಡಿಕೊಂಡರು. 2018ರ ಮೇ 25ರಂದು ಮತ ಕೊಟ್ಟವರಲ್ಲಿ ನೂರಕ್ಕೆ 66ಕ್ಕೂ ಹೆಚ್ಚು ಮಂದಿ ಎಂಟನೆಯ ತಿದ್ದುಪಡಿಯನ್ನು ತೆಗೆಯಲು ಒಪ್ಪಿದರು. ಸೇರಿಸಿದಾಗ ಎಷ್ಟು ಬಹುಮತವಿತ್ತೋ ತೆಗೆದಾಗಲೂ ಹೆಚ್ಚುಕಡಮೆ ಅಷ್ಟೇ. ಮೂವತ್ತೈದು ವರ್ಷಗಳಲ್ಲಿ ಆ ಜನದ ಮತಧರ್ಮ ಸಡಿಲಿದ್ದೂ ಒಂದು ಕಾರಣ. ಆದರೆ ಒಬ್ಬೊಬ್ಬಳ ಬದುಕಿನ ಕಥೆ ಹೊರಬರುತ್ತ ಹೋದದ್ದು ಅದಕ್ಕಿಂತ ದೊಡ್ಡ ಕಾರಣವೆಂದು ನನಗೆ ತೋರುತ್ತದೆ.

ನಮ್ಮ ದೇಶದಲ್ಲಿ ಇದು ಇಷ್ಟು ಸದ್ದಿನಿಂದ ನಡೆಯಲಿಲ್ಲ. 1964ರಲ್ಲಿ ಶಾಂತಿಲಾಲ್ ಷಾ ಅವರ ಸಮಿತಿ ನೇಮಕವಾಯಿತು. 1966ರಲ್ಲಿ ವರದಿ ಬಂದಿತು. 1971ರಲ್ಲಿ ಕಾಯಿದೆಯಾಗಿ 1972ರ ಏಪ್ರಿಲ್ 1ರಿಂದ ಜಾರಿಯಾಯಿತು. 2021ರಲ್ಲಿ ಕಾಲಮಿತಿ ಕೆಲವರಿಗೆ 24 ವಾರದವರೆಗೆ ಬೆಳೆಯಿತು. ಹಳೆಯ ದಂಡಸಂಹಿತೆ 2024ರಲ್ಲಿ ಹೋದರೂ ಆ ಅಪರಾಧ ನ್ಯಾಯಸಂಹಿತೆಯ 88ನೆಯ ಕಲಮಾಗಿ ಉಳಿದಿದೆ. 1971ರ ಕಾಯಿದೆ ಅದಕ್ಕೆ ವಿನಾಯಿತಿ. ಗದ್ದಲವಿಲ್ಲದೆ ಬಂದದ್ದು ನಮ್ಮ ಪುಣ್ಯವೇ. ಆದರೆ ಜನರ ನಡುವೆ ಚರ್ಚೆಯಾಗದೆ ಬಂದ ಕಾನೂನು ಜನರ ಮಾತಿಗೆ ಇಳಿಯುವುದಿಲ್ಲ. ಇಂಥದೊಂದು ಕಾನೂನಿದೆಯೆಂದು ಅರಿಯದ ಹೆಂಗಸರು ನಮ್ಮ ಹಳ್ಳಿಗಳಲ್ಲಿ ಇಂದಿಗೂ ಇದ್ದಾರೆ.

ಇದಕ್ಕೆ ನಮ್ಮ ಮಾತಿನ ಸಡಿಲವೂ ಒಂದು ಕಾರಣ. ‘ಗರ್ಭಪಾತ’ವೆಂದರೆ ತಾನಾಗಿ ಆದದ್ದೂ ಹೌದು, ಮಾಡಿಸಿದ್ದೂ ಹೌದು. ಹೆಣ್ಣೆಂದು ತಿಳಿದು ಭ್ರೂಣವನ್ನು ತೆಗೆಸುವುದು ಘೋರ ಅಪರಾಧ. ಲಿಂಗಪತ್ತೆಯನ್ನು 1994ರ ಕಾಯಿದೆ ನಿಷೇಧಿಸಿದೆ. 2023ರಲ್ಲಿ ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಅಂಥ ದಂಧೆ ನಡೆಯುತ್ತಿದ್ದುದು ಬಯಲಾಯಿತು. ಅದನ್ನು ‘ಭ್ರೂಣಹತ್ಯೆ’ಯೆಂದು ಬರೆಯುವುದು ಸರಿಯೇ. ಆದರೆ ಕಾನೂನಿನ ಮಿತಿಯೊಳಗೆ, ಜೀವಕ್ಕೋ ಮನಸ್ಸಿಗೋ ಅಂಜಿ ಆಸ್ಪತ್ರೆಗೆ ಬಂದವಳ ವಿಷಯದಲ್ಲಿಯೂ ಅದೇ ಶಬ್ದವನ್ನು ಬಳಸಿದರೆ, ಓದುವ ಹೆಣ್ಣು ತನ್ನನ್ನೇ ಕೊಲೆಗಾತಿಯೆಂದುಕೊಂಡು ಹಿಂದೆ ಸರಿಯುತ್ತಾಳೆ. ಸರಕಾರಿ ಆಸ್ಪತ್ರೆಯ ಬಾಗಿಲನ್ನು ಬಿಟ್ಟು ನಾಟಿ ಮದ್ದಿನವರ ಬಾಗಿಲನ್ನು ತಟ್ಟುತ್ತಾಳೆ. ಎರಡು ಸಂಗತಿಗಳಿಗೆ ಎರಡು ಮಾತುಗಳು ಬೇಕು. ಆ ಕೆಲಸವನ್ನು ಕನ್ನಡದ ಪತ್ರಿಕೆಗಳೂ ಕನ್ನಡದ ಪಾಠ ಹೇಳುವ ನಾವೂ ಮಾಡಬೇಕಾಗಿದೆ.