ಬೋರ್ಡೋ ದ್ರಾವಣ: ಸಿಂಪಡಿಸುವವರ ಆರೋಗ್ಯಕ್ಕಿರುವ ಅಪಾಯಗಳು

ಅಡಿಕೆಯ ಕೊಳೆರೋಗ ತಡೆಗೆ ಮಲೆನಾಡು ಹಾಗೂ ಕರಾವಳಿಯ ಬೆಳೆಗಾರರು ತಲೆಮಾರುಗಳಿಂದ ಬಳಸುತ್ತಿರುವ ಶಿಲೀಂಧ್ರನಾಶಕ ಬೋರ್ಡೋ ದ್ರಾವಣ. ಫ್ರಾನ್ಸಿನ ವಿಜ್ಞಾನಿ ಮಿಲ್ಲಾರ್ಡೆ 1885ರಲ್ಲಿ ದ್ರಾಕ್ಷಿಯ ರೋಗಕ್ಕೆ ಇದನ್ನು ಸೂಚಿಸಿದರು. ಮೈಸೂರು ಸಂಸ್ಥಾನದ ಅಡಿಕೆ ತೋಟಗಳಿಗೆ ಇದನ್ನು ಪರಿಚಯಿಸಿದವರು ಲೆಸ್ಲಿ ಕೋಲ್‌ಮನ್. 1 ಕಿ.ಗ್ರಾಂ. ಮೈಲುತುತ್ತು, 1 ಕಿ.ಗ್ರಾಂ. ಸುಣ್ಣವನ್ನು 100 ಲೀಟರ್ ನೀರಿನಲ್ಲಿ ಬೆರೆಸಿದರೆ ಶೇ. 1ರ ದ್ರಾವಣ ಸಿದ್ಧವಾಗುತ್ತದೆ.

ಹಳೆಯದು, ತೋಟದಲ್ಲೇ ತಯಾರಾಗುವಂಥದ್ದು ಎಂಬ ಕಾರಣಕ್ಕೆ ಈ ದ್ರಾವಣ ನಿರಪಾಯಕಾರಿ ಎಂದು ಭಾವಿಸುವವರುಂಟು. ಆದರೆ ಮರವೇರಿ ಔಷಧಿ ಹೊಡೆಯುವ ಕೊನೆಗಾರನ ಮಟ್ಟಿಗೆ ಈ ಭಾವನೆ ಸರಿಯಲ್ಲ. ಗೊನೆಗೆ ಸಿಂಪಡಿಸಿದ ದ್ರಾವಣದ ಹನಿಗಳು ಅವನ ಮುಖ, ಮೈಮೇಲೆಯೇ ಬೀಳುತ್ತವೆ.

ಶ್ವಾಸಕೋಶ: ಪೋರ್ಚುಗಲ್‌ನಲ್ಲಿ ವರ್ಷಗಟ್ಟಲೆ ದ್ರಾಕ್ಷಿತೋಟಗಳಿಗೆ ಬೋರ್ಡೋ ದ್ರಾವಣ ಸಿಂಪಡಿಸಿದ ಕಾರ್ಮಿಕರ ಶ್ವಾಸಕೋಶದಲ್ಲಿ ತಾಮ್ರದ ಅಂಶ ಹಾಗೂ ಗಂಟುಗಳು ಕಂಡುಬಂದವು. 1969ರಲ್ಲಿ ವೈದ್ಯರು ಇದನ್ನು ಹೊಸ ಔದ್ಯೋಗಿಕ ಕಾಯಿಲೆಯೆಂದು ದಾಖಲಿಸಿದರು.

ಕಣ್ಣು ಮತ್ತು ಚರ್ಮ: ಮೈಲುತುತ್ತು, ಸುಣ್ಣ ಎರಡೂ ಕಣ್ಣಿಗೆ ತೀವ್ರ ಹಾನಿ ಮಾಡಬಲ್ಲವು. ಸುಣ್ಣ ಚರ್ಮವನ್ನು ಸುಡುತ್ತದೆ.

ಹೊಟ್ಟೆಗೆ ಸೇರಿದರೆ: ಮೈಲುತುತ್ತಿನಿಂದ ವಾಂತಿ, ಹೊಟ್ಟೆನೋವು ಉಂಟಾಗುತ್ತವೆ. ಪ್ರಮಾಣ ಹೆಚ್ಚಿದರೆ ರಕ್ತಕಣಗಳು ನಾಶವಾಗಿ, ಯಕೃತ್ತು ಮತ್ತು ಮೂತ್ರಪಿಂಡಗಳಿಗೆ ಧಕ್ಕೆಯಾಗಿ ಪ್ರಾಣಾಪಾಯವೂ ಸಂಭವಿಸಬಹುದು.

ಮುನ್ನೆಚ್ಚರಿಕೆ: ಮುಖಕ್ಕೆ ಸುತ್ತಿದ ಟವೆಲ್ ರಕ್ಷಣೆಯಲ್ಲ, ಒದ್ದೆಯಾದ ಬಟ್ಟೆ ದ್ರಾವಣವನ್ನು ಮೂಗಿನ ಬಳಿಯೇ ಹಿಡಿದಿಡುತ್ತದೆ. ಸೂಕ್ಷ್ಮ ಹನಿಗಳನ್ನು ತಡೆಯುವ ಮುಖಗವಸು, ಕಣ್ಣಿಗೆ ರಕ್ಷಣಾ ಕನ್ನಡಕ, ತುಂಬುತೋಳಿನ ಅಂಗಿ ಅವಶ್ಯ. ದ್ರಾವಣ ಬೆರೆಸುವವರು ರಬ್ಬರ್ ಕೈಗವಸು ಧರಿಸಬೇಕು. ಗಾಳಿ ಬೀಸುವಾಗ ಸಿಂಪಡಿಸಬಾರದು. ಕೈ, ಮುಖ ತೊಳೆಯದೆ ಎಲೆಯಡಿಕೆ ಹಾಕುವುದು, ಬೀಡಿ ಸೇದುವುದು, ಊಟ ಮಾಡುವುದು ಸಲ್ಲದು. ಕೆಲಸದ ಬಟ್ಟೆಯನ್ನು ಪ್ರತ್ಯೇಕವಾಗಿ ಒಗೆಯಬೇಕು. ನೆಲದ ಮೇಲೆ ನಿಂತೇ ದೋಟಿಯಿಂದ ಸಿಂಪಡಿಸಿದರೆ ಮರದಿಂದ ಬೀಳುವ ಭಯ ತಪ್ಪುತ್ತದೆ. ಆದರೆ ಮೇಲಿನಿಂದ ಹನಿಗಳು ಬೀಳುವುದರಿಂದ ಮುಖಗವಸು, ಕನ್ನಡಕ ಆಗಲೂ ಬೇಕು.

ಪ್ರಥಮ ಚಿಕಿತ್ಸೆ: ಕಣ್ಣಿಗೆ ದ್ರಾವಣ ಬಿದ್ದರೆ ಉಜ್ಜದೆ, ಶುದ್ಧ ನೀರಿನಿಂದ ಕನಿಷ್ಠ 15 ನಿಮಿಷ ತೊಳೆದು ವೈದ್ಯರನ್ನು ಕಾಣಬೇಕು. ಹೊಟ್ಟೆಗೆ ಸೇರಿದ್ದರೆ ಬಲವಂತವಾಗಿ ವಾಂತಿ ಮಾಡಿಸದೆ, ಮೈಲುತುತ್ತಿನ ಪೊಟ್ಟಣದ ಸಮೇತ ತಕ್ಷಣ ಆಸ್ಪತ್ರೆಗೆ ಒಯ್ಯಬೇಕು. ಸಿಂಪಡಣೆ ಮಾಡುವವರು ಬಿಡದ ಕೆಮ್ಮು, ಏದುಸಿರಿನಿಂದ ಬಳಲುತ್ತಿದ್ದರೆ ತಮ್ಮ ಕೆಲಸದ ವಿವರವನ್ನು ವೈದ್ಯರಿಗೆ ತಪ್ಪದೆ ತಿಳಿಸಬೇಕು. ರಕ್ಷಣಾ ಸಾಧನಗಳ ವೆಚ್ಚವನ್ನೂ ಔಷಧಿಯ ಖರ್ಚಿನೊಂದಿಗೆ ಸೇರಿಸಿಕೊಳ್ಳುವುದು ತೋಟದ ಮಾಲೀಕರ ಹೊಣೆ.